ಕಾಮರ್ಸ್ ಓದಿದವರು ಹಲ್ಲಿನ ಡಾಕ್ಟರ್ ಆಗುವುದು ಹೇಗೆ?

ನನ್ನ ತಂಗಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ಲಸ್ ಟುವಿನಲ್ಲಿ ಕಾಮರ್ಸ್. ಆಮೇಲೆ ಎರಡು ವರ್ಷ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಟೋಕನ್ ಬರೆಯುತ್ತಾ ಕೂತಿದ್ದಳು. ಒಂದು ರಾತ್ರಿ ಊಟಕ್ಕೆ ಕೂತಾಗ, "ಅಕ್ಕಾ, ನಂಗೂ ಬಿಡಿಎಸ್ ಮಾಡ್ಲಿಕ್ಕೆ ಆಗ್ತದಾ?" ಅಂತ ಕೇಳಿದಳು. ಆಗುತ್ತದೆ. ಆದರೆ ಕೋಚಿಂಗಿಗೆ ದುಡ್ಡು ಕಟ್ಟಲು ಓಡಬೇಡಿ, ಅದಕ್ಕೂ ಮೊದಲು ಬೇರೆ ಕೆಲಸ ಇದೆ.

ಹಲ್ಲಿನ ಡಾಕ್ಟರ್ ಆಗುವ ಡಿಗ್ರಿಯಾದ ಬಿಡಿಎಸ್‌ಗೆ ಪ್ಲಸ್ ಟು ಮಟ್ಟದಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಪಾಸಾಗಿರಬೇಕು. ಮೂರು ಸೈನ್ಸ್ ವಿಷಯ ಸೇರಿ ಜನರಲ್‌ನವರಿಗೆ 50%, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 40% ಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರಾಯಿತು, ವಯಸ್ಸು ಜಾಸ್ತಿ ಆಯಿತು ಅಂತ ಯಾರೂ ತಡೆಯುವುದಿಲ್ಲ.

ಇಲ್ಲದ ವಿಷಯಗಳನ್ನು ಎನ್‌ಐಒಎಸ್ ಓಪನ್ ಸ್ಕೂಲಿನಲ್ಲಿ ಓದಬಹುದು. ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಗಣಿತ ಓದಿದವರಿಗೆ ಬಯಾಲಜಿ ಒಂದು ಸಾಕು, ಕಾಮರ್ಸ್, ಆರ್ಟ್ಸ್‌ನವರು ಮೂರನ್ನೂ ಓದಬೇಕು. ಪ್ಲಸ್ ಟು ಮುಗಿದ ಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ಡಾಕ್ಟರ್, ಹಲ್ಲಿನ ಡಾಕ್ಟರ್ ಸೀಟಿನ ಪ್ರವೇಶ ಪರೀಕ್ಷೆಯಾದ ನೀಟ್ ಬರೆಯಬಹುದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಹೇಳಿದೆ. ಪ್ರಾಕ್ಟಿಕಲ್ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ತಂಗಿ ಅಂಗಳದ ದಾಸವಾಳವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಕಾಳುಗಳನ್ನು ಸೂಜಿಮೊನೆಯಿಂದ ಒಂದೊಂದಾಗಿ ಬಿಡಿಸಿ ನೋಡಿದಳು. ಬಯಾಲಜಿಯ ಹೆದರಿಕೆ ಬಿಟ್ಟದ್ದು ಅವತ್ತು.

ಆಮೇಲೆ ನೀಟ್. 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಬಯಾಲಜಿಯೇ. ಹಾಗಾಗಿ ಹೊಸದಾಗಿ ಸೈನ್ಸಿಗೆ ಬಂದವರು ಬಯಾಲಜಿಯನ್ನೇ ಮೊದಲು ಗಟ್ಟಿ ಮಾಡಿಕೊಳ್ಳಿ. ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ, ಸುಮ್ನೆ ಗುರುತು ಹಾಕಬೇಡಿ.

ನಮ್ಮ ಕಡೆಯವರು ಇದನ್ನು ಸರಿಯಾಗಿ ಗಮನಿಸಬೇಕು: ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ. ಕನ್ನಡದಲ್ಲೇ ಬರೆಯುವವರು ಅರ್ಜಿಯಲ್ಲಿ ಮಂಗಳೂರನ್ನೋ ಕರ್ನಾಟಕದ ಇನ್ನೊಂದು ಊರನ್ನೋ ಹಾಕಬೇಕು. ಕಾಸರಗೋಡು, ಕಣ್ಣೂರು ಹತ್ತಿರ ಅಂತ ಹಾಕಿದರೆ ಕನ್ನಡ ಕೈತಪ್ಪುತ್ತದೆ.

ನೀಟ್ ಬರೆದರೆ ಸೀಟು ತಾನಾಗಿ ಬರುವುದಿಲ್ಲ. ಕೇರಳದ ಸೀಟಿಗೆ ಕೀಮ್ ಅನ್ನುವ ರಾಜ್ಯದ ಪ್ರವೇಶ ಅರ್ಜಿ ಬೇರೆಯೇ ಹಾಕಬೇಕು, ಅದೂ ನೀಟ್ ಫಲಿತಾಂಶಕ್ಕೆ ಎಷ್ಟೋ ಮೊದಲು. ಒಳ್ಳೆ ಅಂಕ ಬಂದೂ ಇದೊಂದನ್ನು ಮರೆತು ವರ್ಷ ಕಳೆದುಕೊಂಡವರಿದ್ದಾರೆ, ನೆನೆದರೆ ಹೊಟ್ಟೆ ಉರಿಯುತ್ತದೆ. ನಮಗೆ ಹತ್ತಿರದ ಸರ್ಕಾರಿ ಡೆಂಟಲ್ ಕಾಲೇಜು ಕಣ್ಣೂರು ಜಿಲ್ಲೆಯ ಪರಿಯಾರಂನದ್ದು. ದೇಶದ ಎಲ್ಲ ಸರ್ಕಾರಿ ಕಾಲೇಜುಗಳ 15% ಸೀಟಿಗೆ ಕೇಂದ್ರ ಸರ್ಕಾರದ ಎಂಸಿಸಿ ಸಮಿತಿಯ ಕೌನ್ಸೆಲಿಂಗ್, ಅಂದರೆ ರ‍್ಯಾಂಕ್ ನೋಡಿ ಸೀಟು ಹಂಚುವ ವ್ಯವಸ್ಥೆ ಇದೆ.

ಕರ್ನಾಟಕದ ಸೀಟಿಗೆ ಅಲ್ಲಿನ ಪರೀಕ್ಷಾ ಪ್ರಾಧಿಕಾರವಾದ ಕೆಇಎಯಲ್ಲಿ ಹೆಸರು ನೋಂದಾಯಿಸಿ. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರುವ ಗಡಿನಾಡ ಕನ್ನಡಿಗರಿಗೆ ಅಲ್ಲಿ ಅವಕಾಶ ಇದೆ, ಅದಕ್ಕೆ ಕನ್ನಡ ಪರೀಕ್ಷೆ ಬರೆಯಬೇಕು. ಕೆಇಎಯ ಆ ವರ್ಷದ ಕೈಪಿಡಿಯನ್ನು ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಪ್ರಿಂಟ್ ತೆಗೆಸಿ, ಯಾವ್ಯಾವ ಸರ್ಟಿಫಿಕೇಟ್ ಬೇಕೋ ಅದಕ್ಕೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು, ಈಗಲೇ ವಿಲೇಜ್ ಆಫೀಸಿಗೆ ಹೋಗಿ ಬನ್ನಿ. ಫಲಿತಾಂಶ ಬಂದ ವಾರದಲ್ಲಿ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ.