ಗೈಡ್ ಕೂರಲಿಲ್ಲ

ಹೋದ ಹಲ್ಲಿನ ಜಾಗದಲ್ಲಿ ಮೂಳೆಗೆ ಕೂರಿಸುವ ಸ್ಕ್ರೂವಿನಂಥ ಬೇರೇ ಇಂಪ್ಲಾಂಟ್. ಅದಕ್ಕಾಗಿ ಕೊರೆಯುವ ಡ್ರಿಲ್‌ಗೆ ದಾರಿ ತೋರಿಸುವ ಪ್ಲಾಸ್ಟಿಕ್ ಅಚ್ಚು ಗೈಡ್. ಆ ಗೈಡ್ ಅನ್ನು ರೋಗಿಯ ಹಲ್ಲುಗಳ ಮೇಲಿಟ್ಟು ಮೆಲ್ಲಗೆ ಒತ್ತಿದೆ. ಸರಿಯಾಗಿ ಕೂತಿತು ಅನ್ನಿಸಿತು. ಇನ್ನೊಂದು ತುದಿಯನ್ನು ಒತ್ತಿದಾಗ ಕೂದಲೆಳೆಯಷ್ಟು ಅಲ್ಲಾಡಿತು. ಹಲ್ಲಿನ ತುದಿ ಕಾಣಲಿ ಅಂತಲೇ ಗೈಡ್‌ನಲ್ಲಿ ಸಣ್ಣ ಕಿಟಕಿಗಳನ್ನು ಬಿಟ್ಟಿರುತ್ತೇವೆ. ಮೂರು ಕಿಟಕಿಗಳಲ್ಲಿ ಪ್ಲಾಸ್ಟಿಕ್ ಹಲ್ಲಿಗೆ ಅಂಟಿಕೊಂಡಿತ್ತು. ನಾಲ್ಕನೆಯದರಲ್ಲಿ ಬೆಳಕು ತೂರುವಷ್ಟು ಸಂದು.

ಗೈಡ್ ತಯಾರಿಸಲು ಸ್ಕ್ಯಾನ್ ಮಾಡಿ ಮೂರು ವಾರ ಆಗಿತ್ತು. ಅಷ್ಟರಲ್ಲಿ ರೋಗಿ ಪಕ್ಕದ ಹಲ್ಲಿಗೆ ಹೊಸ ಫಿಲ್ಲಿಂಗ್ ಹಾಕಿಸಿಕೊಂಡಿದ್ದರು. ಹಲ್ಲಿನ ಆಕಾರವೇ ಸ್ವಲ್ಪ ಬದಲಾಗಿತ್ತು. ನಾನು ಕೇಳಬೇಕಿತ್ತು, ಕೇಳಿರಲಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಡುವ ಮೊದಲೇ ಗೈಡ್ ಇಟ್ಟು ನೋಡಬೇಕಿತ್ತು, ಅದನ್ನೂ ಮಾಡಿರಲಿಲ್ಲ.

ಕೂದಲೆಳೆ ತಾನೇ ಅಂತ ಮುಂದುವರಿಯುವ ಹಾಗಿರಲಿಲ್ಲ. ಅದು ಕೆಳದವಡೆಯ ದೊಡ್ಡ ಹಲ್ಲಿನ ಜಾಗ, ಕೆಳಗೆ ನರ ಇದೆ. ಡ್ರಿಲ್ ತೂರಿಸುವ ಗೈಡ್‌ನ ಬಳೆಯಿಂದ ಅದರ ತುದಿ ಸುಮಾರು 20 ಮಿ.ಮೀ. ಆಳದಲ್ಲಿರುತ್ತದೆ. ಮೇಲೆ 3 ಡಿಗ್ರಿ ವಾಲಿದರೆ ಕೆಳಗೆ ತುದಿ 1 ಮಿ.ಮೀ. ಸರಿಯುತ್ತದೆ. ನರದಿಂದ ನಾವು ಬಿಡುವ ದೂರವೇ 2 ಮಿ.ಮೀ. ಅದರಲ್ಲಿ ಅರ್ಧ ಹೋದರೆ ಉಳಿಯುವುದೆಷ್ಟು?

ಗೈಡ್ ಪಕ್ಕಕ್ಕಿಟ್ಟೆ. ರೋಗಿಗೆ ವಿಷಯ ತಿಳಿಸಿದೆ. ಅವರು ಒಪ್ಪಿದ ಮೇಲೆ ವಸಡು ಬಿಡಿಸಿ, ಮೂಳೆಯನ್ನು ಕಣ್ಣಾರೆ ನೋಡಿಕೊಂಡು ಕೈಯಲ್ಲೇ ಕೊರೆದೆ. ಮೊದಲ ಡ್ರಿಲ್ ಅರ್ಧ ಆಳಕ್ಕೆ ಹೋದಾಗ ನಿಲ್ಲಿಸಿ, ಪಿನ್ ಇಟ್ಟು ಎಕ್ಸ್‌ರೇ ತೆಗೆದು, ದಿಕ್ಕು ಸರಿಯಿದೆ ಅಂತ ಖಾತ್ರಿ ಮಾಡಿಕೊಂಡು ಮುಂದುವರಿದೆ. ಇಂಪ್ಲಾಂಟ್ ಚೆನ್ನಾಗಿ ಬಿಗಿಯಾಗಿ ಕೂತಿತು.

ಕೆಲಸ ಮುಗಿದ ಮೇಲೆ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದ ಕಿರಿಯ ವೈದ್ಯೆ ಕೇಳಿದರು: "ಸರ್, ನಾನಾಗಿದ್ದಿದ್ರೆ ಏನು ಮಾಡ್ಬೇಕಿತ್ತು?" ಅವರು ಕಲಿತದ್ದೆಲ್ಲ ಗೈಡ್ ಜೊತೆಗೇ. ಕೈಯಲ್ಲಿ ಒಂದು ಇಂಪ್ಲಾಂಟನ್ನೂ ಕೂರಿಸಿರಲಿಲ್ಲ. ಅಂದಿನ ಮಟ್ಟಿಗೆ ಉತ್ತರ ಸುಲಭ: ನಿಲ್ಲಿಸಿ, ಮತ್ತೆ ಸ್ಕ್ಯಾನ್ ಮಾಡಿ, ಇನ್ನೊಂದು ದಿನ ಕರೆಯಿರಿ. ಆದರೆ ಅರ್ಧ ಕೊರೆದಾದ ಮೇಲೆ ಗೈಡ್ ಬಿರುಕು ಬಿಟ್ಟರೆ? ರೋಗಿಗೆ ಬಾಯಿ ಸಾಕಷ್ಟು ತೆರೆಯಲಾಗದೆ, ಗೈಡ್‌ಗೆ ಬೇಕಾದ ಉದ್ದದ ಡ್ರಿಲ್ ಹಿಂದಿನ ಹಲ್ಲಿನ ಜಾಗಕ್ಕೆ ಹೋಗದಿದ್ದರೆ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಕಲಿಸುವ ರೀತಿ ಬದಲಾಗಿದ್ದು ಅಲ್ಲಿಂದ.

ನಾನು ಕಲಿಯುವಾಗ ಕಾಯುವುದೇ ದೊಡ್ಡ ಪಾಠವಾಗಿತ್ತು. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಗೆ ಹಾಕಿದ ಟೈಟಾನಿಯಂ ವಾಪಸ್ ಬಿಡಿಸಿಕೊಳ್ಳದೇ ಇದ್ದದ್ದನ್ನು ನೋಡಿದರು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಗೆ ಹಾಕಿದರು. ಅವರ ಕ್ರಮದಲ್ಲಿ ಕೆಳದವಡೆಗೆ 3 ತಿಂಗಳು, ಮೇಲ್ದವಡೆಗೆ 6 ತಿಂಗಳು ಮೂಳೆ ಇಂಪ್ಲಾಂಟ್‌ಗೆ ಬೆಸೆಯಲಿ ಅಂತ ವಸಡಿನ ಕೆಳಗೆ ಮುಚ್ಚಿಟ್ಟು ಕಾಯಬೇಕು. ಈಗ ಎಷ್ಟೋ ಕೇಸಿನಲ್ಲಿ ಅದೇ ದಿನ ತಾತ್ಕಾಲಿಕ ಹಲ್ಲು ಕೊಡುತ್ತೇವೆ. ಅದಕ್ಕೆ ಸಾಮಾನ್ಯವಾಗಿ 35 ನ್ಯೂಟನ್ ಸೆಂಟಿಮೀಟರ್ (ತಿರುಗಿಸುವ ಬಲದ ಅಳತೆ) ಅಥವಾ ಅದಕ್ಕಿಂತ ಜಾಸ್ತಿ ಬಿಗಿ ಸಿಗಬೇಕು. ಆ ಬಿಗಿ ಸಾಫ್ಟ್‌ವೇರ್ ಕೊಡುವುದಿಲ್ಲ. ಮೂಳೆಯ ಹದ ನೋಡಿ ಎಷ್ಟು ಕೊರೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೆ ಗೊತ್ತಿರಬೇಕು.

ಹಾಗಾಗಿ ನನ್ನ ತರಬೇತಿಯ ಮೊದಲ ದಿನ ಕಂಪ್ಯೂಟರ್ ತೆರೆಯುವುದೇ ಇಲ್ಲ. ಮೂರು ಬಗೆಯ ಕೃತಕ ಮೂಳೆಯ ತುಂಡುಗಳಿಗೆ ಬಟ್ಟೆ ಸುತ್ತಿಡುತ್ತೇನೆ. ಒಂದು ಗಟ್ಟಿ, ಒಂದು ಮಧ್ಯಮ, ಒಂದು ಸ್ಪಂಜಿನ ಹಾಗೆ ಮೆತ್ತಗೆ. 2 ಮಿ.ಮೀ. ಡ್ರಿಲ್ ಕೊಟ್ಟು, ಕೊರೆಯುತ್ತಾ ಯಾವುದು ಅಂತ ಹೇಳಿ ಅನ್ನುತ್ತೇನೆ. ಮೊದಲ ಗಂಟೆ ಎಲ್ಲರೂ ಊಹೆ ಮಾಡುತ್ತಾರೆ. ಸಂಜೆಯ ಹೊತ್ತಿಗೆ ಮೋಟಾರ್ ಸದ್ದು ಸ್ವಲ್ಪ ದಪ್ಪಗಾದರೂ ತಲೆ ಎತ್ತಿ ನೋಡುತ್ತಾರೆ. ಆಮೇಲೆ ಅದೇ ಮೆತ್ತನೆಯ ತುಂಡಿನಲ್ಲಿ ಎರಡು ಕುಳಿ. ಒಂದನ್ನು ಪೂರ್ತಿ ಅಳತೆಗೆ, ಇನ್ನೊಂದನ್ನು ಕೊನೆಯ ದಪ್ಪ ಡ್ರಿಲ್ ಹಾಕದೆ, ಸ್ವಲ್ಪ ಕಿರಿದಾಗಿ. ಎರಡಕ್ಕೂ ಇಂಪ್ಲಾಂಟ್ ತಿರುಗಿಸಿದಾಗ ಬಿಗಿ ಎಷ್ಟು ಬದಲಾಯಿತು ಅಂತ ಅವರೇ ಬರೆದುಕೊಳ್ಳಬೇಕು.

ಎರಡನೇ ದಿನ ಹಂದಿಯ ದವಡೆ. ಕೊರೆಯುವ ಜಾಗದ ಪಕ್ಕದಲ್ಲೇ ಶಾಖ ಅಳೆಯುವ ಸಣ್ಣ ತಂತಿ ತೂರಿಸಿರುತ್ತೇನೆ. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಅದಕ್ಕೆ ಪೆಟ್ಟು ಬೀಳುತ್ತದೆ ಅಂತ ಸಂಶೋಧಕರಾದ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ 1983ರಲ್ಲೇ ಮೊಲದ ಮೂಳೆಯಲ್ಲಿ ತೋರಿಸಿದ್ದಾರೆ. ಪಾಠದಲ್ಲಿ ಇದನ್ನು ಎಲ್ಲರೂ ಓದಿರುತ್ತಾರೆ. ಮೊಂಡಾದ ಹಳೆ ಡ್ರಿಲ್ ಹಿಡಿದು, ತಂಪು ಮಾಡುವ ಸಲೈನ್ ನೀರು ಕಡಿಮೆ ಮಾಡಿ, ಸುಮ್ನೆ ಒತ್ತಿಕೊಂಡು ಹೋದಾಗ ಆ ಅಂಕಿ ಕಣ್ಣೆದುರೇ ಏರುತ್ತದಲ್ವಾ, ಆಗ ಅವರ ಕೈ ತಾನಾಗಿಯೇ ಹಗುರಾಗುತ್ತದೆ. ಗೈಡ್ ಹಾಕಿದಾಗ ಈ ತೊಂದರೆ ಇನ್ನೂ ಜಾಸ್ತಿ. ಬಳೆ ಅಡ್ಡ ಬಂದು ನೀರು ಕುಳಿಗೆ ಸರಿಯಾಗಿ ಇಳಿಯುವುದಿಲ್ಲ. ಡ್ರಿಲ್ ಅನ್ನು ಮೇಲೆ ಕೆಳಗೆ ಆಡಿಸುತ್ತಾ ನೀರಿಗೆ ದಾರಿ ಮಾಡಿಕೊಡಬೇಕು.

ಇಷ್ಟಾದ ಮೇಲೆಯೇ ಸಾಫ್ಟ್‌ವೇರ್. ಇದನ್ನು ಓದಿ ನಾನು ಹೊಸದಕ್ಕೆ ವಿರೋಧ ಅಂದುಕೊಳ್ಳಬೇಡಿ. ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಇಲ್ಲದೆ ಕೊರೆಯುತ್ತಿದ್ದ ದಿನಗಳಿಗೆ ವಾಪಸ್ ಹೋಗಲು ನನಗೆ ಖಂಡಿತ ಇಷ್ಟವಿಲ್ಲ. ಬಾಯಿಯ ಸ್ಕ್ಯಾನ್ ಮತ್ತು ಮೂಳೆಯ ಸ್ಕ್ಯಾನ್ ಎರಡನ್ನೂ ಕೂಡಿಸಿ, ಮೊದಲು ಹಲ್ಲು ಎಲ್ಲಿ ಬರಬೇಕು ಅಂತ ತೀರ್ಮಾನಿಸಿ, ಅದಕ್ಕೆ ತಕ್ಕಂತೆ ಇಂಪ್ಲಾಂಟ್ ಜಾಗ ಗುರುತಿಸುವುದು ನಮ್ಮ ಕೆಲಸದಲ್ಲಿ ಬಂದ ಬಹಳ ಒಳ್ಳೆಯ ಬದಲಾವಣೆ. ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2016ರಲ್ಲಿ ಯೋಮಿ ಎಂಬ ರೋಬಾಟ್‌ಗೆ ಒಪ್ಪಿಗೆ ಕೊಟ್ಟಿತು. ಅದು ವೈದ್ಯರ ಕೈ ದಾರಿ ತಪ್ಪದಂತೆ ತಡೆಯುತ್ತದೆ. 2017ರಲ್ಲಿ ಚೀನಾದ ಷಿಆನ್‌ನಲ್ಲಿ ರೋಬಾಟ್ ತಾನೇ ಇಂಪ್ಲಾಂಟ್‌ಗಳನ್ನು ಕೂರಿಸಿತು. ಇವೆಲ್ಲ ಇನ್ನೂ ಹರಡುತ್ತವೆ, ಹರಡಲಿ.

ನರದ ದಾರಿ ಗುರುತಿಸುವುದನ್ನೂ ಈಗ ಎಐ ಕೆಲವೇ ಕ್ಷಣಗಳಲ್ಲಿ ಮಾಡಿಕೊಡುತ್ತದೆ. ನನ್ನ ಬಳಿ ಕಲಿಯುವವರು ಮೊದಲು ಕೈಯಲ್ಲೇ ಗೆರೆ ಎಳೆಯಬೇಕು, ಆಮೇಲೆ ಎಐ ಎಳೆದ ಗೆರೆ ನೋಡಬೇಕು. ಒಂದು ಕೇಸಿನಲ್ಲಿ ನರ ಹೊರಬರುವ ರಂಧ್ರದ ಹತ್ತಿರ ಅದು ಮುಂದಕ್ಕೆ ಬಾಗಿ ವಾಪಸ್ ತಿರುಗಿತ್ತು. ಸಾಫ್ಟ್‌ವೇರ್ ಆ ತಿರುವನ್ನು ಬಿಟ್ಟು ನೇರವಾಗಿ ರಂಧ್ರಕ್ಕೆ ಸೇರಿಸಿತ್ತು. ಮೊದಲೇ ಕೈಯಲ್ಲಿ ಎಳೆದಿದ್ದವರಿಗೆ ಎರಡು ಗೆರೆಗಳ ವ್ಯತ್ಯಾಸ ತಕ್ಷಣ ಕಂಡಿತು. ನಾಲ್ಕೈದು ಮಿ.ಮೀ. ಮಾತು ಅದು. ಅದೇ ಜಾಗದಲ್ಲಿ ಇಂಪ್ಲಾಂಟ್ ಹಾಕುವವರಿದ್ದೆವು.

ಇನ್ನು ನನಗೆ ತುಂಬಾ ಕಾಡುವ ವಿಷಯ. ಕೋರ್ಸುಗಳೆಲ್ಲ ಇಂಪ್ಲಾಂಟ್ ಕೂರಿಸಿದ ದಿನಕ್ಕೆ ಮುಗಿದುಬಿಡುತ್ತವೆ. ರೋಗಿಯ ಮಟ್ಟಿಗೆ ಅದು ಶುರು.

ಇಂಪ್ಲಾಂಟ್ ಮೇಲೆ ನಾನೇ ಹಾಕಿದ ಒಂದು ಕ್ಯಾಪ್. ನಾಲ್ಕು ವರ್ಷದ ನಂತರ ಆ ರೋಗಿ ಬಂದದ್ದು ಇನ್ಯಾವುದೋ ಹಲ್ಲಿಗೆ. ನೋವಿರಲಿಲ್ಲ, ಇಂಪ್ಲಾಂಟ್ ಅಲ್ಲಾಡುತ್ತಿರಲಿಲ್ಲ. ವಸಡಿನ ಸಂದಿಗೆ ಪ್ರೋಬ್ (ಅಳತೆಯ ಸಣ್ಣ ಕಡ್ಡಿ) ಇಟ್ಟರೆ ರಕ್ತದ ಜೊತೆ ಕೀವು ಬಂತು. ಎಕ್ಸ್‌ರೇನಲ್ಲಿ ಸುತ್ತಲಿನ ಮೂಳೆ ಬಟ್ಟಲಿನ ಹಾಗೆ ಸವೆದಿತ್ತು. ವಸಡು ಬಿಡಿಸಿ ನೋಡಿದರೆ ಕ್ಯಾಪ್ ಅಂಟಿಸಿದಾಗ ಹೊರಗೆ ಉಕ್ಕಿದ ಸಿಮೆಂಟ್, ಉಗುರಿನ ಚೂರಿನಷ್ಟು, ಇಂಪ್ಲಾಂಟ್ ಪಕ್ಕದಲ್ಲಿ ಗಟ್ಟಿಯಾಗಿ ಕೂತಿತ್ತು. ಅಷ್ಟೂ ವರ್ಷ ಅದು ಅಲ್ಲೇ ಇತ್ತು. ತೆಗೆದೆ, ಸ್ವಚ್ಛ ಮಾಡಿದೆ. ಇಂಪ್ಲಾಂಟ್ ಉಳಿಯಿತು, ಹೋದ ಮೂಳೆ ಪೂರ್ತಿ ವಾಪಸ್ ಬರಲಿಲ್ಲ. ನಾನು ಅವರನ್ನು ವರ್ಷಕ್ಕೊಮ್ಮೆ ಕರೆದಿದ್ದರೆ ಮೊದಲ ವರ್ಷವೇ ಗೊತ್ತಾಗುತ್ತಿತ್ತು. ಆಮೇಲೆ ಸಾಧ್ಯವಾದ ಕಡೆಯೆಲ್ಲ ಸ್ಕ್ರೂ ಹಾಕಿ ಕೂರಿಸುವ ಕ್ಯಾಪ್‌ಗೆ ಬದಲಾದೆ. ಹಲ್ಲು ಕೊಟ್ಟ ದಿನವೇ ಒಂದು ಎಕ್ಸ್‌ರೇ ತೆಗೆದಿಡುವುದನ್ನೂ ತಪ್ಪಿಸುವುದಿಲ್ಲ. ಮುಂದೆ ಹೋಲಿಸಿ ನೋಡಲು ಅದೊಂದೇ ಆಧಾರ.

ಎಲ್ಲೋ ಇಂಪ್ಲಾಂಟ್ ಹಾಕಿಸಿಕೊಂಡು, ಸ್ಕ್ರೂ ಸಡಿಲ ಅಂತ ನಮ್ಮ ಬಳಿ ಬರುವವರ ಕಷ್ಟ ಬೇರೆಯೇ. ಯಾವ ಕಂಪನಿಯದು ಅಂತ ಗೊತ್ತಿರುವುದಿಲ್ಲ, ಒಂದು ಚೀಟಿಯೂ ಇರುವುದಿಲ್ಲ. ಎಕ್ಸ್‌ರೇ ನೋಡಿ ಆಕಾರದಿಂದ ಗುರುತು ಹಿಡಿಯಬೇಕು, ಡ್ರೈವರ್‌ಗಳನ್ನು ಒಂದೊಂದಾಗಿ ಹಾಕಿ ನೋಡಬೇಕು. ನಾನು ಪ್ರತಿಯೊಬ್ಬರಿಗೂ ಕಾರ್ಡ್ ಕೊಡುತ್ತೇನೆ. ಕಂಪನಿ, ದಪ್ಪ, ಉದ್ದ, ಲಾಟ್ ನಂಬರ್, ಹಾಕಿದ ದಿನ, ಸಿಕ್ಕ ಬಿಗಿ ಎಲ್ಲ ಅದರಲ್ಲಿರುತ್ತದೆ. ಎರಡು ನಿಮಿಷದ ಕೆಲಸ. ದಯವಿಟ್ಟು ನೀವೂ ಕೊಡಿ.

ಕಲಿಯುವವರ ದಾಖಲೆ ಪುಸ್ತಕದಲ್ಲೂ ಈಗ ಪ್ರತಿ ರೋಗಿಯ ಹೆಸರಿನ ಮುಂದೆ 1, 3, 5 ವರ್ಷ ಅಂತ ಮೂರು ಮನೆಗಳಿವೆ. ಕನಿಷ್ಠ ಮೂವರು ರೋಗಿಗಳ ಮೊದಲ ವರ್ಷದ ಮನೆ ತುಂಬುವವರೆಗೆ ನಾನು ಸಹಿ ಹಾಕುವುದಿಲ್ಲ. ಇದು ಅತಿಯಾಯಿತು ಅಂತ ಇಬ್ಬರು ಅರ್ಧದಲ್ಲೇ ಬಿಟ್ಟು ಹೋದರು. ಬೇಜಾರಾಯಿತು, ನಿಯಮ ಸಡಿಲಿಸಲಿಲ್ಲ. ಅಂದು ಪ್ರಶ್ನೆ ಕೇಳಿದ ಆ ವೈದ್ಯೆ ಹೋದ ತಿಂಗಳು ತಮ್ಮ ಮೊದಲ ರೋಗಿಯನ್ನು ವರ್ಷದ ತಪಾಸಣೆಗೆ ಕರೆಸಿದ್ದರು. ಎರಡು ಎಕ್ಸ್‌ರೇಗಳನ್ನು ಪಕ್ಕಪಕ್ಕ ಇಟ್ಟು, ಇಂಪ್ಲಾಂಟ್‌ನ ಸ್ಕ್ರೂ ಸುತ್ತುಗಳನ್ನು ಒಂದೊಂದಾಗಿ ಎಣಿಸಿ, ಮೂಳೆ ಇದ್ದಲ್ಲೇ ಇದೆ ಅಂತ ನೋಡಿಕೊಂಡು, ಆಮೇಲೆ ಆ ಮನೆಯಲ್ಲಿ ಬರೆದರು: "ರಕ್ತ ಇಲ್ಲ. ಮೂಳೆ ಸರಿಯಿದೆ. ಹಿಂದಿನ ಸಂದಿನಲ್ಲಿ ಬ್ರಷ್ ಹೋಗುತ್ತಿಲ್ಲ, ಇನ್ನೊಮ್ಮೆ ತೋರಿಸಿಕೊಟ್ಟೆ."