ಗುಟ್ಟನ್ನು ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ

ಸಸ್ಪೆನ್ಸ್ ಕಥೆ ಅಂದರೆ ಎಲ್ಲವನ್ನೂ ಕೊನೆಯವರೆಗೂ ಮುಚ್ಚಿಡಬೇಕು ಅಂತ ಬಹಳ ಜನ ನಂಬಿದ್ದಾರೆ. ನಾನು ಹಾಗೆ ಬರೆಯುವುದಿಲ್ಲ. ಮುಖ್ಯವಾದ ಗುಟ್ಟನ್ನು ಮೊದಲೇ ಓದುಗರ ಕೈಗೆ ಕೊಟ್ಟುಬಿಡುತ್ತೇನೆ. ಗೊತ್ತಿಲ್ಲದೆ ಇರುವುದು ಪಾತ್ರಕ್ಕೆ ಮಾತ್ರ.

ಈ ದಾರಿ ತೋರಿಸಿದ್ದು ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೋ ಜೊತೆ ಮಾತಾಡುವಾಗ ಅವರು ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಟ್ಟರು. ಅದು ದಿಢೀರನೆ ಸಿಡಿದರೆ ಪ್ರೇಕ್ಷಕರಿಗೆ 15 ಸೆಕೆಂಡಿನ ಅಚ್ಚರಿ, ಅಷ್ಟೇ. ಬಾಂಬ್ ಇರುವುದು ಮೊದಲೇ ಗೊತ್ತಿದ್ದರೆ? ಮೇಜಿನ ಸುತ್ತ ಕೂತವರ ಸಾಮಾನ್ಯ ಹರಟೆಯೇ 15 ನಿಮಿಷ ಉಸಿರು ಬಿಗಿಹಿಡಿಸುತ್ತದೆ.

ನನ್ನ ಒಂದು ಕಥೆಯಲ್ಲಿ ತಮ್ಮನೊಬ್ಬ ತನ್ನ ಅಣ್ಣನ ಸಹಿ ನಕಲು ಮಾಡಿ ಆಸ್ತಿ ಪತ್ರವನ್ನು ಡ್ರಾಯರ್‌ನಲ್ಲಿ ಇಟ್ಟಿರುತ್ತಾನೆ. ಅಣ್ಣ ಬಂದು ಕನ್ನಡಕ ಹುಡುಕಲು ಶುರು ಮಾಡುತ್ತಾನೆ. ಕನ್ನಡಕ ಇರುವುದೂ ಅದೇ ಡ್ರಾಯರ್‌ನಲ್ಲಿ! ಇದು ಓದುಗರಿಗೆ ಗೊತ್ತು. ಅಣ್ಣ ಕಪಾಟು ನೋಡುತ್ತಾನೆ, ಹಾಸಿಗೆ ನೋಡುತ್ತಾನೆ, ನಡುವೆ ಮಗಳ ಪರೀಕ್ಷೆಯ ಬಗ್ಗೆ ಕೇಳುತ್ತಾನೆ. ಆ ಮಾತುಗಳನ್ನು ಬೇಕಂತಲೇ ಸಪ್ಪೆಯಾಗಿ ಬರೆದೆ. ಭಯದ ಒಂದು ಪದವನ್ನೂ ಹಾಕಲಿಲ್ಲ. ಭಯ ಆಗಲೇ ಓದುಗರ ಹತ್ತಿರ ಇದೆ ಅಲ್ವಾ?

ಬರೆಯುವ ಮೊದಲು ಹಾಳೆಯ ಮಧ್ಯೆ ಗೆರೆ ಎಳೆಯುತ್ತೇನೆ. ಒಂದು ಕಡೆ ಓದುಗರಿಗೆ ಗೊತ್ತಿರುವುದು, ಇನ್ನೊಂದು ಕಡೆ ಪಾತ್ರಕ್ಕೆ ಗೊತ್ತಿರುವುದು. ಎರಡೂ ಕಡೆ ಒಂದೇ ಆಗಿರುವ ದೃಶ್ಯವಿದ್ದರೆ ಅದನ್ನು ಚಿಕ್ಕದು ಮಾಡುತ್ತೇನೆ.

ಗಡುವು ಕೂಡ ಬೇಕು. ಈ ಕಥೆಯಲ್ಲಿ ಮರುದಿನ ಬೆಳಿಗ್ಗೆಯೇ ನೋಂದಣಿ. ಆದರೆ ವಿಳಂಬ ಹೊರಗಿನಿಂದ ಬರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸರಿಯಾದ ಹೊತ್ತಿಗೆ ಸುಮ್ನೆ ಫೋನ್ ರಿಂಗಾದರೆ ಓದುಗರಿಗೆ ಲೇಖಕರ ಕೈ ಕಂಡುಬಿಡುತ್ತದೆ. ತಮ್ಮನೇ ಗಾಬರಿಯಿಂದ ‘ಮೊದಲು ಊಟ ಮಾಡೋಣ’ ಅನ್ನಬೇಕು. ದಾರಿ ತಪ್ಪಿಸುವ ಸುಳಿವುಗಳನ್ನು ನಾನು ಜಾಸ್ತಿ ಬಳಸುವುದಿಲ್ಲ.

ಮುಚ್ಚಿಟ್ಟಿದ್ದು ಒಂದೇ ಸಂಗತಿ: ಅಣ್ಣ ಆ ಪತ್ರವನ್ನು ಆಗಲೇ ನೋಡಿದ್ದ. ತಮ್ಮ ತಾನಾಗಿ ಒಪ್ಪಿಕೊಳ್ಳಲಿ ಅಂತಲೇ ಹುಡುಕುತ್ತಿದ್ದ. ಇದು ಮೋಸ ಅನ್ನಿಸಬಾರದಲ್ಲ, ಅದಕ್ಕೇ ಮೊದಲ ಪುಟದಲ್ಲಿ ಅವನ ಜೇಬಿನಲ್ಲಿ ಇನ್ನೊಂದು ಕನ್ನಡಕ ಇಟ್ಟಿದ್ದೆ. ಪೆನ್ನು, ಕನ್ನಡಕ, ಬಸ್ ಟಿಕೆಟ್, ಹೀಗೆ ಪಟ್ಟಿಯ ನಡುವೆ. ಇಂಥ ಸುಳಿವನ್ನು ಪ್ಯಾರಾದ ಕೊನೆಯ ವಾಕ್ಯದಲ್ಲಿ ಎಂದೂ ಇಡುವುದಿಲ್ಲ. ಓದುಗರ ಕಣ್ಣು ಒಂದು ಕ್ಷಣ ನಿಲ್ಲುವುದೇ ಅಲ್ಲಿ.