ಥೆರಪಿ ಜೊತೆಗೆ ಯೋಗ, ನಡಿಗೆ, ಮೂಲಿಕೆ: ಹೇಗೆ ಸೇರಿಸುವುದು?

ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಥೆರಪಿಸ್ಟ್ (ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವವರು) ಎದುರು ಕೂರುತ್ತೀರಿ. ಉಳಿದ ಹೊತ್ತಿಗೆ ಮನೆಯವರು ಯೋಗ ಅನ್ನುತ್ತಾರೆ, ಪಕ್ಕದವರು ಕಷಾಯ ಅನ್ನುತ್ತಾರೆ. ಕೆಲವು ನಿಜವಾಗಿಯೂ ನೆರವಾಗುತ್ತವೆ, ಸರಿಯಾಗಿ ಸೇರಿಸಿದರೆ.

ಮೊದಲು ಪಟ್ಟಿ ಮಾಡಿ. ಈಗಾಗಲೇ ತಗೊಳ್ಳುತ್ತಿರುವ ಮಾತ್ರೆ, ಲೇಹ್ಯ, ಆನ್‌ಲೈನ್‌ನಲ್ಲಿ ತರಿಸಿದ ಪುಡಿ ಎಲ್ಲವನ್ನೂ ಥೆರಪಿಸ್ಟ್‌ಗೂ ಮನೋವೈದ್ಯರಿಗೂ ತೋರಿಸಿ. ‘ಗಿಡಮೂಲಿಕೆ ತಾನೇ, ಏನಾಗುತ್ತೆ’ ಅನ್ನಬೇಡಿ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಎಸ್ಸಿಟಲೋಪ್ರಾಮ್, ಸೆರ್ಟ್ರಲಿನ್‌ನಂಥ ಖಿನ್ನತೆಯ ಮಾತ್ರೆಗಳ ಜೊತೆ ತಗೊಂಡರೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ವಿಪರೀತವಾಗಿ ಜೀವಕ್ಕೇ ಅಪಾಯವಾಗಬಹುದು. ಗರ್ಭನಿರೋಧಕ ಮಾತ್ರೆಯ ಬಲವನ್ನೂ ಅದು ಕುಗ್ಗಿಸುತ್ತದೆ. ನಮ್ಮ ಅಶ್ವಗಂಧವೂ ಕೆಲವರ ಲಿವರ್‌ಗೆ ತೊಂದರೆ ಕೊಟ್ಟಿದೆ. ಥೈರಾಯ್ಡ್ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಆಮೇಲೆ ಒಂದನ್ನು ಮಾತ್ರ ಆರಿಸಿ. ನಾಲ್ಕನ್ನು ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ನಾನಾದರೆ ನಡಿಗೆ ಅನ್ನುತ್ತೇನೆ. ಖರ್ಚಿಲ್ಲ, ಖಿನ್ನತೆಗೆ ವ್ಯಾಯಾಮ ಒಳ್ಳೆಯದು ಅನ್ನುವುದಕ್ಕೆ ಪುರಾವೆಯೂ ಗಟ್ಟಿಯಾಗಿದೆ. ವಯಸ್ಕರಿಗೆ ವಾರಕ್ಕೆ 150 ನಿಮಿಷವಾದರೂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಸಿಗೆ ಬಿಟ್ಟು ಏಳಲಾಗದ ದಿನ ಗೇಟಿನವರೆಗೆ ಹೋಗಿ ಬಂದರೂ ಲೆಕ್ಕಕ್ಕುಂಟು.

ಮುಂದಿನದು ಜೋಡಣೆ. ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ. ಯೋಚನೆ, ನಡವಳಿಕೆಗಳನ್ನು ಬದಲಿಸಲು ಕಲಿಸುವ ಸಿಬಿಟಿ ಥೆರಪಿಯಲ್ಲಿ ಹೋಮ್‌ವರ್ಕ್ ಇರುತ್ತದಲ್ವಾ? ನಡಿಗೆಯನ್ನೇ ಹೋಮ್‌ವರ್ಕ್ ಮಾಡಿಕೊಳ್ಳಿ. ಜನರ ನಡುವೆ ಹೋಗಲು ಭಯವಿದ್ದರೆ ಮೊದಲು ಖಾಲಿ ರಸ್ತೆ, ಆಮೇಲೆ ಪಾರ್ಕು, ಕೊನೆಗೆ ಸಂತೆ. ಹೊರಡುವಾಗ ಭಯ ಹತ್ತಕ್ಕೆ ಎಷ್ಟಿತ್ತು, ಬಂದ ಮೇಲೆ ಎಷ್ಟು ಅಂತ ಬರೆದು ಸೆಷನ್‌ಗೆ ಒಯ್ಯಿರಿ.

ಉಸಿರಾಟದ ವಿಷಯದಲ್ಲಿ ಸ್ವಲ್ಪ ಜೋಪಾನ. ನಿಮಿಷಕ್ಕೆ ಸುಮಾರು ಆರು ಸಲ ನಿಧಾನವಾಗಿ ಉಸಿರಾಡುವುದು ಬಹಳ ಜನಕ್ಕೆ ಹಿತ. ಆದರೆ ಭಸ್ತ್ರಿಕಾ, ಕಪಾಲಭಾತಿಯಂಥ ವೇಗದ ಉಸಿರಾಟ ಪ್ಯಾನಿಕ್ (ಇದ್ದಕ್ಕಿದ್ದಂತೆ ತೀವ್ರ ಭಯ ಬರುವ ತೊಂದರೆ) ಇರುವವರಲ್ಲಿ ಗಾಬರಿ ಕೆರಳಿಸಬಹುದು. ಇನ್ನೊಂದು ಸೂಕ್ಷ್ಮವಿದೆ. ಭಯವನ್ನು ಎದುರಿಸುವ ಅಭ್ಯಾಸದ ನಡುವೆಯೇ ಉಸಿರಾಟದ ತಂತ್ರಕ್ಕೆ ಜೋತುಬಿದ್ದರೆ, ‘ಅದರಿಂದಲೇ ಬಚಾವಾದೆ’ ಅಂತ ಮನಸ್ಸು ನಂಬಿಬಿಡುತ್ತದೆ. ಯಾವಾಗ ಮಾಡಬೇಕು, ಯಾವಾಗ ಬೇಡ ಅಂತ ಥೆರಪಿಸ್ಟ್‌ರನ್ನೇ ಕೇಳಿ. ಆಘಾತ ಅನುಭವಿಸಿದವರು, ಸೈಕೋಸಿಸ್ (ಇಲ್ಲದ ದನಿ ಕೇಳಿಸುವ, ವಾಸ್ತವದ ಅರಿವು ತಪ್ಪುವ ಸ್ಥಿತಿ) ಇರುವವರು ದಿನಗಟ್ಟಲೆ ಮೌನದ ಧ್ಯಾನ ಶಿಬಿರಕ್ಕೆ ಸುಮ್ನೆ ಹೋಗಿ ಸೇರಬಾರದು. ಯೋಗದಂಥದ್ದನ್ನು ಚಿಕಿತ್ಸೆಯ ಜೊತೆ ಸೇರಿಸುವುದಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗವಿದೆ.

ಒಂದೂವರೆ ತಿಂಗಳಾದ ಮೇಲೆ ನೀವು ಬರೆದಿಟ್ಟ ಚೀಟಿಗಳನ್ನು ಥೆರಪಿಸ್ಟ್ ಜೊತೆ ಕೂತು ನೋಡಿ. ಫಲವಿಲ್ಲದಿದ್ದರೆ ಬದಲಿಸಿ. ಹಾಯೆನಿಸಿತು ಅಂತ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಸಾಯುವ ಯೋಚನೆ ಬಂದರೆ ಮುಂದಿನ ಸೆಷನ್‌ಗೆ ಕಾಯದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.